ಹಿತ್ತಲ ಒಲೆಯ ಹೆಪ್ಪು

ಅಂಗಡಿಯಿಂದ ಮೊಸರು ತಂದರೆ ಆ ಮನೆಯ ಹೆಂಗಸು ಹಾಸಿಗೆ ಹಿಡಿದಿದ್ದಾಳೆ ಎಂದೇ ಊರವರು ಅರ್ಥ ಮಾಡಿಕೊಳ್ಳುತ್ತಿದ್ದ ಕಾಲ ಅದು. ನಮ್ಮ ಜವನಗೊಂಡನಹಳ್ಳಿಯಲ್ಲಿ ಆಗ ಮನೆಗೊಂದು ಎಮ್ಮೆ, ಮನೆಗೊಂದು ಮೊಸರಿನ ರುಚಿ. ಯಾರ ಮನೆಯದು ಹುಳಿ, ಯಾರ ಮನೆಯದು ಸಪ್ಪೆ, ಯಾರ ಮನೆಯದು ಗಡಿಗೆ ಬೋರಲು ಹಾಕಿದರೂ ಬೀಳುವುದಿಲ್ಲ ಎಂಬುದೆಲ್ಲ ಮಕ್ಕಳಾದ ನಮಗೂ ಗೊತ್ತಿತ್ತು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದೆ. ಶೇಂಗಾ ಕೀಳುವ ಹೊತ್ತು. ಊರಿಗೆ ಊರೇ ಹಸಿ ಮಣ್ಣು, ಹಸಿ ಬಳ್ಳಿ ನಾರುತ್ತಿತ್ತು. ಉಪ್ಪು ಹಾಕಿ ಬೇಯಿಸಿದ ಕಾಯಿಯನ್ನು ಯೂನಿಫಾರಂ ಜೇಬಿಗೆ ತುಂಬಿಕೊಂಡು ಹೋಗಿ, ಪಾಠದ ನಡುವೆ ಸದ್ದಾಗದಂತೆ ಒಡೆದು ತಿಂದವರು ನಿಮ್ಮಲ್ಲೂ ಇರುತ್ತೀರಿ. ಜೇಬಿನ ಬಟ್ಟೆ ಒದ್ದೆಯಾಗಿ ತೊಡೆಗೆ ಅಂಟಿಕೊಳ್ಳುತ್ತಿತ್ತಲ್ಲ, ಅದೇ ಕಾಲ.

ಆ ವರ್ಷ ನನಗೆ ಹೊಟ್ಟೆಕಿಚ್ಚು ಬಂದಿತ್ತು. ಇದಕ್ಕೆ ಬೇರೆ ಹೆಸರಿಟ್ಟು ಮರ್ಯಾದೆ ಉಳಿಸಿಕೊಳ್ಳಲು ನಾನು ಹೋಗುವುದಿಲ್ಲ. ಶುದ್ಧ ಹೊಟ್ಟೆಕಿಚ್ಚು. ಅದೂ ಯಾರ ಮೇಲೆ? ಅಪ್ಪನಿಲ್ಲದ ಹುಡುಗಿಯ ಮೇಲೆ.

ಅವಳ ಹೆಸರು ರತ್ನ. ನಮ್ಮ ಗಿರಿಜತ್ತೆಯ, ಅಂದರೆ ನಮ್ಮಪ್ಪನ ತಂಗಿಯ ಒಬ್ಬಳೇ ಮಗಳು. ಗಿರಿಜತ್ತೆಯನ್ನು ಐಮಂಗಲಕ್ಕೆ ಕೊಟ್ಟಿತ್ತು. ಮಾವ ಕಾಯಿಲೆ ಬಿದ್ದು ತೀರಿಕೊಂಡ ಮೇಲೆ ಅತ್ತೆ ಮಗಳನ್ನು ಕರೆದುಕೊಂಡು ತವರಿಗೆ ಬಂದಳು. ಹಿಂದೆ ಒಂದು ಎಮ್ಮೆ ಬಂತು. ಟ್ರಂಕೊಂದು ಬಂತು. ಬಂದ ಮೂರನೇ ದಿನಕ್ಕೇ ಅತ್ತೆ ಹಿತ್ತಲ ಕಡೆಯ ಪಡಸಾಲೆಯಲ್ಲಿ ಮಣ್ಣು ಕಲಸಿ ಒಲೆ ಹಾಕಲು ಕೂತಳು.

ಅಪ್ಪನಿಗೆ ಸಿಟ್ಟು ಬಂತು. "ಏನೇ ಗಿರಿಜಾ ಇದು? ನನ್ನ ಮನೇಲಿ ನಿನಗೆ ಎರಡು ತುತ್ತಿಗೆ ಬರ ಬಂತಾ?" ಎಂದ.

"ಸಿಟ್ಟಾಗ್ಬ್ಯಾಡಣ್ಣ. ಇರಾಕೆ ಜಾಗ ಕೊಟ್ಟಿದೀಯ, ಅಷ್ಟು ಸಾಕು. ನನ್ನ ಒಲೆ ನಂಗಿರ್ಲಿ," ಎಂದಳು ಅತ್ತೆ, ಕೈಯ ಮಣ್ಣು ಒರೆಸಿಕೊಳ್ಳದೆ.

ಹಾಗಂತ ಅವಳೇನು ಪೂರ್ತಿ ಬೇರೆಯಾಗಿರಲಿಲ್ಲ. ರಾಗಿ, ಜೋಳ, ಉಪ್ಪು, ಸೌದೆ ಎಲ್ಲ ನಮ್ಮ ಅಟ್ಟದ್ದೇ. ಬದಲಿಗೆ ಎಮ್ಮೆಯ ಹಾಲಿನಲ್ಲಿ ಮುಕ್ಕಾಲು ಪಾಲು ಒಳಗಿನ ಅಡುಗೆಮನೆಗೇ ಬರುತ್ತಿತ್ತು. ಬೆಳಗಾದರೆ ಹೊಲಕ್ಕೆ ಮೊದಲು ಇಳಿಯುವವಳೂ ಅವಳೇ. ಅವಳು ಬಂದ ಮೇಲೆ ನಮ್ಮ ಮನೆಗೆ ಒಂದು ಚುರುಕು ಬಂತು ಎಂದು ಅಮ್ಮನೇ ಹೇಳುತ್ತಿದ್ದಳು. ಆದರೆ ಅತ್ತೆಯ ರೊಟ್ಟಿ ಅತ್ತೆಯ ಒಲೆಯ ಮೇಲೇ ಬೇಯಬೇಕು, ಅತ್ತೆಯ ಹಾಲು ಅತ್ತೆಯ ಗಡಿಗೆಯಲ್ಲೇ ಹೆಪ್ಪಾಗಬೇಕು. ರತ್ನಿಗೆ ಹಸಿವಾದರೆ ತಾನೇ ಹೋಗಿ ಕೆಂಡ ಕೆದಕಿ ಒಂದು ತುಂಡು ರೊಟ್ಟಿ ಬಿಸಿ ಮಾಡಿಕೊಂಡು ತಿನ್ನುತ್ತಿದ್ದಳು. ಯಾರನ್ನೂ ಕೇಳುವಂತಿರಲಿಲ್ಲ. ನಾನೋ, ಮಜ್ಜಿಗೆ ಬೇಕೆಂದರೂ ಅಮ್ಮನ ಮುಖ ನೋಡಬೇಕು. ಅವಳಿಗೆ ತನ್ನದೇ ತಟ್ಟೆ, ತನ್ನದೇ ಲೋಟ, ಗೋಡೆಯಲ್ಲಿ ತನ್ನದೇ ಒಂದು ಗೂಡು. ಮನೆ ನಮ್ಮದು, ರಾಜ್ಯ ಅವಳದು ಅನ್ನಿಸಿ ನನ್ನ ಮೈ ಉರಿಯುತ್ತಿತ್ತು.

ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಅಜ್ಜಿಯ ವಿಷಯ.

ನಮ್ಮ ಅಜ್ಜಿಯ ತವರಿನವರಲ್ಲಿ ಒಂದು ಪದ್ಧತಿ ಇತ್ತು. ಮಗಳನ್ನು ಮೊದಲ ಸಲ ಗಂಡನ ಮನೆಗೆ ಕಳಿಸುವಾಗ ಮಡ್ಲಕ್ಕಿಯ ಜೊತೆಗೆ ತೆಂಗಿನ ಕರಟದಲ್ಲಿ ಮನೆಯ ಹೆಪ್ಪನ್ನು ಕಟ್ಟಿ ಕೊಡಬೇಕು. ಅಜ್ಜಿಗೆ ಅವಳ ಅಮ್ಮ ಹಾಗೆ ಕೊಟ್ಟಿದ್ದಳು, ಆ ಅಮ್ಮನಿಗೆ ಅವಳ ಅಮ್ಮ. ಹಾಗೆಯೇ ಮನೆಗೆ ಸೊಸೆ ಬಂದಾಗ ಅತ್ತೆಯಾದವಳು ತನ್ನ ಹೆಪ್ಪನ್ನು ಬಿಟ್ಟು, ಸೊಸೆ ತಂದ ಹೆಪ್ಪಿಗೆ ಅಡುಗೆಮನೆ ಒಪ್ಪಿಸಬೇಕು. ಒಂದೇ ಒಲೆಯ ಮೇಲೆ ಎರಡು ಹೆಪ್ಪು ಕೂಡದು. ಅಜ್ಜಿ ತನ್ನ ಹೆಪ್ಪನ್ನು ಗಿರಿಜತ್ತೆಯ ಮಡಿಲಿಗೆ ಹಾಕಿ ಐಮಂಗಲಕ್ಕೆ ಕಳಿಸಿದಳು. ಮರುವರ್ಷ ನಮ್ಮಮ್ಮ ಸೊಸೆಯಾಗಿ ಬಂದಾಗ ಅವಳು ತಂದ ಹೆಪ್ಪು ನಮ್ಮ ಮನೆಯದಾಯಿತು. ಅಲ್ಲಿಂದಾಚೆ ಹದಿನಾಲ್ಕು ಹದಿನೈದು ವರ್ಷ ಅಜ್ಜಿ ಸೊಸೆಯ ಮೊಸರನ್ನು ತಕರಾರಿಲ್ಲದೆ ಉಂಡಳು. ನನ್ನ ಪಕ್ಕದಲ್ಲೇ ಕೂತು ಉಂಡಳು. ಕೊನೆಯ ತುತ್ತು ಕಲಸಿ ನನ್ನ ಬಾಯಿಗೆ ಇಡುತ್ತಿದ್ದಳು. ನಾನು ದೊಡ್ಡವಳಾದ ಮೇಲೂ ಆ ತುತ್ತು ತಪ್ಪಿರಲಿಲ್ಲ.

ಗಿರಿಜತ್ತೆ ತನ್ನ ಹೆಪ್ಪಿನ ಕುಡಿಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಐಮಂಗಲದಿಂದ ವಾಪಸು ತಂದದ್ದೇ ತಡ, ಅಜ್ಜಿಯ ತಟ್ಟೆ ಹಿತ್ತಲಿಗೆ ಹೋಯಿತು.

ಮೊದಲ ದಿನ ನನಗೆ ಚೆನ್ನಾಗಿ ನೆನಪಿದೆ. ಅತ್ತೆ ಬಡಿಸಿದ ಮೊಸರನ್ನು ಅಜ್ಜಿ ಬೆರಳಿನಲ್ಲಿ ನೆಕ್ಕಿ ಕಣ್ಣು ಮುಚ್ಚಿದಳು. "ಇದು ನಮ್ಮವ್ವನ ಮೊಸ್ರು ಕಣೆ ಗಿರಿಜಾ," ಎಂದಳು. ಕೊನೆಯ ತುತ್ತನ್ನು ಪಕ್ಕದಲ್ಲಿದ್ದ ರತ್ನಿಯ ಬಾಯಿಗಿಟ್ಟಳು. ನಾನು ಬಾಗಿಲಲ್ಲಿ ನಿಂತಿದ್ದೆ. "ನೀನೂ ಬಾರೆ ಮಂಜಿ, ಕುಂತ್ಕ," ಎಂದು ಕರೆದಳು, ಇಲ್ಲ ಅನ್ನುವುದಿಲ್ಲ. ಕರೆಸಿಕೊಂಡು ಹೋಗಿ ಕೂರಲು ನಾನೇನು ನೆಂಟಳೇ? ಹೋಗಲಿಲ್ಲ.

ಹೀಗಿರುವಾಗ ಸ್ಕೂಲಿನಲ್ಲಿ ಜೀವಕೋಶದ ಪಾಠ ಬಂತು.

ನಮ್ಮ ವಿಜ್ಞಾನದ ಮೇಷ್ಟ್ರು ಪುಸ್ತಕದಲ್ಲಿ ಇಲ್ಲದ್ದನ್ನೂ ಹೇಳುವವರು. ಬೋರ್ಡಿನ ಮೇಲೆ ದೊಡ್ಡದೊಂದು ಜೀವಕೋಶ ಬರೆದು, ನಡುವೆ ಕೋಶಕೇಂದ್ರ ಬರೆದು, ಆಮೇಲೆ ಮೂಲೆಯಲ್ಲಿ ಶೇಂಗಾ ಕಾಯಿಯಂಥದ್ದೊಂದನ್ನು ಬರೆದರು. ಒಳಗೆ ಮಡಿಕೆ ಮಡಿಕೆ ಗೆರೆ ಎಳೆದರು. "ಇದು ಮೈಟೊಕಾಂಡ್ರಿಯ. ನಾವು ಉಂಡಿದ್ದನ್ನ ಕೆಲಸಕ್ಕೆ ಬರೋ ಶಕ್ತಿಯಾಗಿ ಮಾಡೋದು ಇದೇ. ಇದು ಜೀವಕೋಶದ ಒಳಗೆ ಇದ್ರೂ ಅರ್ಧ ಸ್ವತಂತ್ರ. ಯಾಕೆ ಹೇಳ್ರಿ ನೋಡಾಣ?"

ಮೇಷ್ಟ್ರೇ ಹೇಳಿದರು. ಕೋಟಿ ಕೋಟಿ ವರ್ಷಗಳ ಹಿಂದೆ ಇದು ಹೊರಗಡೆ ತನ್ನ ಪಾಡಿಗೆ ಬದುಕಿದ್ದ ಸಣ್ಣ ಜೀವಿಯಂತೆ, ಬ್ಯಾಕ್ಟೀರಿಯಾ ಜಾತಿಯದು. ಅದನ್ನು ಇನ್ನೊಂದು ದೊಡ್ಡ ಕೋಶ ನುಂಗಿತು, ಆದರೆ ಅರಗಿಸಿಕೊಳ್ಳಲಿಲ್ಲ. ಇದು ಒಳಗೇ ಉಳಿದುಕೊಂಡಿತು. ಅದಕ್ಕೇ ಇದರ ಸುತ್ತ ಎರಡು ಪೊರೆ. ಇದಕ್ಕೆ ತನ್ನದೇ ಡಿ.ಎನ್.ಎ. ಇದೆ, ಬಳೆಯ ಹಾಗೆ ಗುಂಡಗೆ. ಪ್ರೋಟೀನು ತಯಾರಿಸಲು ತನ್ನದೇ ರೈಬೋಸೋಮುಗಳಿವೆ. ಕೋಶ ಇದನ್ನು ಹೊಸದಾಗಿ ಮಾಡಿಕೊಳ್ಳಲಾರದು, ಇರುವ ಮೈಟೊಕಾಂಡ್ರಿಯವೇ ಬೆಳೆದು ಒಡೆದು ಎರಡಾಗಬೇಕು.

"ಹಂಗಂತ ಪೂರ್ತಿ ಸ್ವತಂತ್ರ ಅಲ್ಲ. ಇದಕ್ಕೆ ಬೇಕಾದ ಪ್ರೋಟೀನಲ್ಲಿ ಬಹಳಷ್ಟಕ್ಕೆ ಕೋಶಕೇಂದ್ರವನ್ನೇ ನಂಬ್ಕೊಂಡೈತೆ. ಹೊರಗೆ ತೆಗೆದಿಟ್ರೆ ಬದುಕಲ್ಲ," ಎಂದರು.

ನನ್ನ ಕ್ಲಾಸಿಗೇ ಸೇರಿದ್ದ ರತ್ನಿ ಎದ್ದು ನಿಂತಳು. "ಸಾರ್, ನಮ್ಮವ್ವನ ಒಲೆ ಇದ್ದಂಗೆ. ಹೆಪ್ಪು ನಮ್ದೇ, ರಾಗಿ ಮಾವನ ಮನೇದು."

ಕ್ಲಾಸು ಗೊಳ್ಳೆಂದು ನಕ್ಕಿತು. ಮೇಷ್ಟ್ರು ನಗಲಿಲ್ಲ. ಚಾಕ್‌ಪೀಸು ಹಿಡಿದ ಕೈಯಲ್ಲೇ ಅವಳ ಕಡೆ ತೋರಿಸಿ, "ಭಲೆ! ಇಷ್ಟು ವರ್ಷದಾಗೆ ಇಂಥ ಉದಾಹರಣೆ ಯಾರೂ ಕೊಟ್ಟಿರ್ಲಿಲ್ಲ. ಎಲ್ರೂ ಬರ್ಕಳ್ರಿ," ಎಂದರು. ನಮ್ಮ ಮನೆ, ನಮ್ಮ ಹಿತ್ತಲು, ನಮ್ಮ ರಾಗಿ, ಭಲೆ ಅನ್ನಿಸಿಕೊಂಡವಳು ಇವಳು. ನಾನು ಬರೆದುಕೊಳ್ಳಲಿಲ್ಲ.

ಮೇಷ್ಟ್ರು ಅಷ್ಟಕ್ಕೇ ನಿಲ್ಲಿಸಿದ್ದರೆ ಮುಂದಿನದು ಆಗುತ್ತಿರಲಿಲ್ಲವೇನೋ. ಉತ್ಸಾಹ ಬಂದುಬಿಟ್ಟಿತ್ತು. "ಇನ್ನೊಂದು ವಿಚಿತ್ರ ಕೇಳ್ರಿ. ಬೇರೆಲ್ಲ ಗುಣ ಅಪ್ಪಂದು ಅಮ್ಮಂದು ಸೇರಿ ಬರುತ್ತೆ. ಮೈಟೊಕಾಂಡ್ರಿಯ ಮಾತ್ರ ಅಮ್ಮನಿಂದಲೇ ಬರೋದು. ನಿಮ್ಮಮ್ಮಂಗೆ ಅವರಮ್ಮನಿಂದ, ಅವರಿಗೆ ಅವರಮ್ಮನಿಂದ. ಗಂಡುಮಕ್ಕಳಿಗೂ ಅಮ್ಮಂದು ಬರುತ್ತೆ, ಆದ್ರೆ ಅವರು ಮುಂದಕ್ಕೆ ಕೊಡಲ್ಲ. ಅವರಲ್ಲಿಗೆ ನಿಂತೋಯ್ತು."

ನಾನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಅಜ್ಜಿ ಎಂದು ಬರೆದೆ. ಅಜ್ಜಿಯಿಂದ ಅಪ್ಪನಿಗೆ ಒಂದು ಗೆರೆ ಎಳೆದೆ. ಗೆರೆ ಅಪ್ಪನಲ್ಲಿಗೆ ನಿಂತಿತು. ಅಜ್ಜಿಯಿಂದ ಗಿರಿಜತ್ತೆಗೆ ಎಳೆದೆ, ಅಲ್ಲಿಂದ ಅದು ಸರಾಗವಾಗಿ ರತ್ನಿಗೆ ಹೋಯಿತು. ಎದ್ದು ನಿಂತು ಕೇಳಿದೆ, "ಸಾರ್, ಹಂಗಾದ್ರೆ ನಮ್ಮಜ್ಜಿದು ನನ್ನಲ್ಲಿ ಇಲ್ವಾ?"

"ಅಪ್ಪನ ತಾಯಿಯೇನಮ್ಮ? ಅವರ ಮೈಟೊಕಾಂಡ್ರಿಯ ನಿನ್ನಲ್ಲಿ ಇರಲ್ಲ. ಆದ್ರೆ ಕೋಶಕೇಂದ್ರದಲ್ಲಿ ಅವರ ಪಾಲು..."

ಗಂಟೆ ಹೊಡೆಯಿತು. ಹೊಡೆಯದಿದ್ದರೂ ಆ "ಆದ್ರೆ" ನನ್ನ ಕಿವಿಗೆ ಬೀಳುತ್ತಿರಲಿಲ್ಲ. ನನ್ನ ಮೂಗು, ಹಣೆ, ಕೂದಲಿನಲ್ಲೆಲ್ಲ ಅಜ್ಜಿ ಇರಬಹುದು ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಆವತ್ತು ತಿಳಿದದ್ದು ಇಷ್ಟೇ. ಮನೆಮಗಳು ನಾನು, ಅಜ್ಜಿ ಇರುವುದು ಅವಳಲ್ಲಿ.

ಮನೆಗೆ ಬಂದವಳೇ ಅಜ್ಜಿಯ ಹತ್ತಿರ ಹೋದೆ. ಅಂಗಳದ ತುಂಬ ಕಿತ್ತು ತಂದ ಶೇಂಗಾ ಬಳ್ಳಿ. ಅಜ್ಜಿ ಕಾಲು ಚಾಚಿ ಕೂತು ಕಾಯಿ ಬಿಡಿಸುತ್ತಿದ್ದಳು.

"ಅಜ್ಜಿ, ನಾನು ನಿನ್ನಂಗೆ ಇದೀನಾ?"

ಅಜ್ಜಿ ತಲೆಯೆತ್ತಿ ನನ್ನನ್ನು ಒಂದು ಸಲ ನೋಡಿದಳು. "ಇಲ್ಲ ಬಿಡವ್ವ. ನೀನು ಥೇಟ್ ನಿಮ್ಮವ್ವ. ಬಣ್ಣನೂ ಹಂಗೇ, ಕಣ್ಣೂ ಹಂಗೇ. ನಿಮ್ಮವ್ವ ಲಕ್ಷಣವಾಗವಳೆ, ನಿಂಗೇನಾಗೈತೆ?" ಎಂದು ನಕ್ಕಳು. ಹೊಗಳಿಯೇ ಹೇಳಿದ್ದಳು. ಬಳ್ಳಿಯನ್ನು ಕಾಲಿನಲ್ಲಿ ಒದ್ದು ಒಳಗೆ ಹೋದೆ. "ಏನೇ ಬಂತು ಇದಕ್ಕೆ?" ಎಂದು ಅಜ್ಜಿ ಹಿಂದಿನಿಂದ ಕೂಗುತ್ತಿದ್ದಳು.

ಮರುದಿನ ಭಾನುವಾರ. ಅತ್ತೆ ಉಳಿದ ಮಜ್ಜಿಗೆಯನ್ನೆಲ್ಲ ಹೊಲದ ಆಳುಗಳಿಗೆಂದು ತೆಗೆದುಕೊಂಡು ಹೋಗಿದ್ದಳು. ರತ್ನಿ ಎಮ್ಮೆಗೆ ಹುಲ್ಲು ತರಲು ಹೋಗಿದ್ದಳು. ಅಮ್ಮ ಮುಂದಿನ ಜಗಲಿಯಲ್ಲಿ ಯಾರೊಂದಿಗೋ ಮಾತಿಗೆ ಕೂತಿದ್ದಳು. ಅಜ್ಜಿ ಮಧ್ಯಾಹ್ನದ ಜೊಂಪಿನಲ್ಲಿದ್ದಳು. ಹಿತ್ತಲ ಪಡಸಾಲೆಯ ಗೂಡಿನಲ್ಲಿ ಕುಡಿಕೆ ಕೂತಿತ್ತು, ಮೇಲೊಂದು ತಟ್ಟೆ ಮುಚ್ಚಿಕೊಂಡು. ಸಂಜೆಯ ಹಾಲಿಗೆ ಹಾಕಲೆಂದು ರತ್ನಿ ದಿನವೂ ಎರಡು ಚಮಚ ಮೊಸರನ್ನು ಅದರಲ್ಲಿ ತೆಗೆದಿಡುತ್ತಿದ್ದಳು. ಆ ಎರಡು ಚಮಚದ ಹೊರತು ಅಜ್ಜಿಯ ಹೆಪ್ಪು ಆ ಹೊತ್ತು ಇನ್ನೆಲ್ಲೂ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೋದೆ.

ರತ್ನಿಯ ಮೈಯೊಳಗಿನದನ್ನು ನಾನು ಏನೂ ಮಾಡಲಾಗುತ್ತಿರಲಿಲ್ಲ. ಇದು ಕೈಗೆ ಸಿಗುವಂತಿತ್ತು. ಕುಡಿಕೆಯನ್ನು ಎಮ್ಮೆಯ ಕಲಗಚ್ಚಿನ ಬಾನಿಗೆ ಬಗ್ಗಿಸಿದೆ. ಎಮ್ಮೆ ಒಂದೇ ಉಸಿರಿಗೆ ಹೀರಿತು. ಕುಡಿಕೆಯನ್ನು ಬೂದಿ ಹಾಕಿ ತಿಕ್ಕಿ ತೊಳೆದೆ. ಒಳಗೆ ಹೋಗಿ ಅಮ್ಮನ ಗಡಿಗೆಯಿಂದ ಎರಡು ಚಮಚ ಮೊಸರು ತಂದು ಅದಕ್ಕೆ ಹಾಕಿ, ಇದ್ದಲ್ಲೇ ಇಟ್ಟು ತಟ್ಟೆ ಮುಚ್ಚಿದೆ. ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಇನ್ನು ಹಿತ್ತಲಲ್ಲೂ ನಮ್ಮಮ್ಮನ ಮೊಸರೇ, ಒಳಗೂ ನಮ್ಮಮ್ಮನ ಮೊಸರೇ. ಹಾಗಿದ್ದ ಮೇಲೆ ಅಜ್ಜಿ ಅಲ್ಲಿ ಯಾಕೆ ಉಣ್ಣುತ್ತಾಳೆ, ನನ್ನ ಪಕ್ಕಕ್ಕೇ ಬರುತ್ತಾಳೆ. ಲೆಕ್ಕ ಸರಿಯಾಗಿಯೇ ಇತ್ತು.

ಸೋಮವಾರ ಏನೋ ರಜೆ ಇತ್ತು, ಮನೆಯಲ್ಲೇ ಇದ್ದೆವು. ಮಧ್ಯಾಹ್ನ ಊಟದ ಹೊತ್ತಿಗೆ ನಾನು ಉಪ್ಪಿನಕಾಯಿ ಕೇಳುವ ನೆಪದಲ್ಲಿ ಹಿತ್ತಲಿಗೆ ಹೋದೆ. ಅತ್ತೆ ಅಜ್ಜಿಗೆ ಮೊಸರು ಬಡಿಸಿದಳು. ಗಟ್ಟಿಯಾಗಿ, ಬೆಳ್ಳಗೆ, ನೋಡಲು ಒಂದು ದೋಷವಿಲ್ಲದ ಮೊಸರು. ಅಜ್ಜಿ ಕಲಸಿ ಬಾಯಿಗಿಟ್ಟಳು. ಕೈ ತಟ್ಟೆಯ ಮೇಲೆ ನಿಂತಿತು.

"ಗಿರಿಜಾ, ಹೆಪ್ಪು ಎಲ್ಲಿಂದ ತಂದೆ?"

"ಎಲ್ಲಿಂದ ತರ್ಲಿ ಅವ್ವ? ಮನೇದೇ."

"ಅಲ್ಲ ಕಣೆ. ನೀನೇ ನೋಡು."

ಅತ್ತೆ ಬೆರಳಿನಲ್ಲಿ ತೆಗೆದು ನಾಲಿಗೆಗಿಟ್ಟಳು. ಗಡಿಗೆಯನ್ನು ಮೂಸಿದಳು, ಕುಡಿಕೆಯನ್ನು ತೆಗೆದು ನೋಡಿದಳು. "ಲೇ ರತ್ನಿ! ಏನ್ ಮಾಡ್ದೆ ಹೆಪ್ಪನ್ನ?"

ರತ್ನಿ ಕುಡಿಕೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ಒಂದೇ ಒಂದು ಸಲ. ಈಗ ಹೇಳುತ್ತಾಳೆ, ಅಪ್ಪನ ಬೆಲ್ಟು ಎಲ್ಲಿದೆ ಎಂದೆಲ್ಲ ಒಂದೇ ಸಲ ತಲೆಗೆ ಬಂತು.

"ಕೈ ಜಾರಿ ಚೆಲ್ಲೋಯ್ತವ್ವ. ಬೈತೀಯ ಅಂತ ಒಳಗಿಂದ ಇಸ್ಕಂಡು ಹಾಕ್ದೆ," ಎಂದಳು.

ಅತ್ತೆಯ ಕೈ ಎದ್ದಿತು. ಕೆನ್ನೆಗೆ, ಬೆನ್ನಿಗೆ, ಎಲ್ಲಿ ಸಿಕ್ಕಿತೋ ಅಲ್ಲಿ. "ನಿಮ್ಮಪ್ಪ ಸತ್ತಾಗ್ಲೂ ಅದನ್ನ ಒಂದಿನ ತಪ್ಪಿಸದಂಗೆ ಕಾಪಾಡ್ಕಂಡು ಬಂದಿದ್ನಲ್ಲೇ! ಎಲ್ಲಿಂದ ತರ್ಲಿ ಈಗ, ಎಲ್ಲಿಂದ ತರ್ಲಿ?" ಎಂದು ಹೊಡೆಯುತ್ತಾ ತಾನೇ ಅತ್ತಳು. ರತ್ನಿ ಅಳಲಿಲ್ಲ. ಅಜ್ಜಿ ಎಂಜಲು ಕೈಯಲ್ಲೇ ಎದ್ದು ಅತ್ತೆಯ ತೋಳು ಹಿಡಿದಳು. "ಬಿಡೇ, ಕೂಸಿಗೆ ಹೊಡೀಬ್ಯಾಡ. ಮೊಸ್ರಿಗಾಗಿ ಮಕ್ಕಳನ್ನ ಬಡೀತಾರೇನೆ?" ಎಂದಳು. ಆಮೇಲೆ ಕೂತು, ತಟ್ಟೆಯಲ್ಲಿದ್ದ ಅನ್ನವನ್ನು ಒಂದು ಅಗುಳೂ ಬಿಡದೆ ಉಂಡಳು. ಆವತ್ತು ಕೊನೆಯ ತುತ್ತು ಯಾರ ಬಾಯಿಗೂ ಬರಲಿಲ್ಲ.

ಮರುದಿನ ಅಜ್ಜಿಯ ತಟ್ಟೆ ಒಳಗೆ ಬಂತು. ನನ್ನ ಪಕ್ಕಕ್ಕೇ. ನಾನು ಗೆದ್ದಿದ್ದೆ. ಅಮ್ಮ ಮೊಸರಿನ ಗಡಿಗೆ ತಂದಾಗ ಅಜ್ಜಿ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು, "ಬ್ಯಾಡವ್ವ, ವಯಸ್ಸಾತು, ಮೊಸ್ರು ಥಂಡಿ ಆಗ್ತೈತೆ," ಎಂದಳು. ಬರೀ ಸಾರಿನಲ್ಲಿ ಉಂಡು ಎದ್ದಳು. ಅದಾದ ಮೇಲೆ ಆರು ವರ್ಷ ಬದುಕಿದ್ದಳು. ಒಂದು ದಿನವೂ ಮೊಸರು ಮುಟ್ಟಲಿಲ್ಲ.

ನಾನು ಯಾರಿಗೂ ಹೇಳಲಿಲ್ಲ. ರತ್ನಿಯ ಮೇಲಿನ ಹೊಟ್ಟೆಕಿಚ್ಚಾದರೂ ಅಲ್ಲಿಗೆ ಇಳಿಯಿತೇ ಎಂದರೆ ಅದೂ ಇಲ್ಲ, ಇನ್ನೂ ಏರಿತು. ನನ್ನ ತಪ್ಪನ್ನು ಮೈಮೇಲೆ ಎಳೆದುಕೊಂಡು ಏಟು ತಿಂದು, ಸಂಜೆ ನನ್ನ ಜೊತೆಗೇ ಕೂತು ಕಾಯಿ ಬಿಡಿಸಿದಳಲ್ಲ, ಆ ದೊಡ್ಡತನದ ಮೇಲೂ ಹೊಟ್ಟೆ ಉರಿಯಿತು. ನನ್ನಿಂದ ಅದು ಆಗುತ್ತಿರಲಿಲ್ಲ. ಅಜ್ಜಿಯಿಂದ ಆಗುತ್ತಿತ್ತು.

ಈಗ ರತ್ನಿ ಹೊಸದುರ್ಗದಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಡಂ. ಇಬ್ಬರು ಗಂಡುಮಕ್ಕಳು. ನಾನು ಹಿರಿಯೂರಿನಲ್ಲಿ ನೋಟ್‌ಬುಕ್ಕು, ಗೈಡು ಮಾರುವ ಅಂಗಡಿ ಇಟ್ಟುಕೊಂಡಿದ್ದೇನೆ. ಹೋದ ವರ್ಷ ಅವಳ ಮನೆಗೆ ಹೋಗಿದ್ದೆ. ಫ್ರಿಜ್ಜಿನಿಂದ ಪ್ಯಾಕೆಟ್ ಮೊಸರು ತೆಗೆದು, ಅಂಚು ಕತ್ತರಿಸಿ, ಪಾತ್ರೆಗೆ ಸುರಿದಳು. ಅದನ್ನು ನೋಡಿದ್ದೇ ನನಗೆ ತಡೆಯಲಾಗಲಿಲ್ಲ.

"ರತ್ನಿ, ಆವತ್ತು ಹೆಪ್ಪು ಚೆಲ್ಲಿದ್ದು ನಾನು ಕಣೆ."

ಅವಳು ಖಾಲಿ ಪ್ಯಾಕೆಟ್ಟನ್ನು ಹಿಂಡುತ್ತಲೇ ಹೇಳಿದಳು, "ಗೊತ್ತೈತೆ."

"ಯಾವಾಗಿಂದ?"

"ಆವತ್ತಿಂದ್ಲೇ. ಹೆಪ್ಪಿನ ಕುಡಿಕೆನ ಬೂದಿ ಹಾಕಿ ತಿಕ್ತಾರೇನೆ ಯಾರಾದ್ರೂ? ನೋಡಿದ್ ತಕ್ಷಣ ಗೊತ್ತಾತು, ಇದು ಮಂಜಿ ಕೆಲ್ಸ ಅಂತ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ? ನಮ್ಮವ್ವ ಸುಮ್ನಿರೋಳಾ, ನಿಮ್ಮಮ್ಮನ ಮೇಲೆ ಜಗಳಕ್ಕೆ ಹೋಗೋಳು. ಆಮೇಲೆ ಮಾವ ಯಾರ ಕಡೆ ಮಾತಾಡ್ಬೇಕಿತ್ತು? ಒಲೆ ನಮ್ದು ಕಣೆ, ಸೂರು ನಿಮ್ದು. ನಾವು ಎಲ್ಲಿಗೆ ಹೋಗ್ಬೇಕಿತ್ತು?" ಪ್ಯಾಕೆಟ್ಟನ್ನು ಕಸದ ಬುಟ್ಟಿಗೆ ಹಾಕಿ ಅವಳೇ ನಕ್ಕಳು. "ನೀನು ನನ್ನ ನೋಡಿ ಹೊಟ್ಟೆ ಉರ್ಕಂತಿದ್ದೆ, ಗೊತ್ತಿತ್ತು. ನಾನೂ ನಿನ್ನ ನೋಡಿ ಉರ್ಕಂತಿದ್ದೆ ಕಣೆ. ನೀನು ಏನ್ ಮಾಡಿದ್ರೂ ಆ ಮನೆ ಬಿಡ್ಬೇಕಾಗಿರ್ಲಿಲ್ಲ."

ಅವಳ ಸ್ವಾತಂತ್ರ್ಯವನ್ನು ಕಂಡು ಅಷ್ಟೊಂದು ಉರಿದಿದ್ದೆನಲ್ಲ, ಅದು ಅರ್ಧ ಮಾತ್ರ ಎಂದು ಮೇಷ್ಟ್ರು ಬೋರ್ಡಿನ ಮುಂದೆ ನಿಂತು ಹೇಳಿದ್ದರು. ಉಳಿದರ್ಧವನ್ನು ಅವಳು ನಮ್ಮ ಮನೆಯಲ್ಲೇ, ನನ್ನ ಕಣ್ಣೆದುರೇ, ದಿನವೂ ಬದುಕಿದ್ದಳು. ನಾನು ನೋಡಿರಲಿಲ್ಲ.

ಅಜ್ಜಿ ಹೋದಳು. ಗಿರಿಜತ್ತೆಯೂ ಹೋದಳು. ಆ ಹಿತ್ತಲ ಪಡಸಾಲೆಯಲ್ಲಿ ಈಗ ನನ್ನ ತಮ್ಮನ ಬೈಕು ನಿಲ್ಲುತ್ತದೆ. ಆ ಮೊಸರಿನ ರುಚಿ ಹೇಗಿತ್ತು ಎಂದು ಯಾರಾದರೂ ಕೇಳಿದರೆ ಹೇಳಲು ನನಗೆ ಬಾರದು, ಮೊಂಡುತನಕ್ಕೆ ಒಂದು ಸಲವೂ ನಾನು ಅಲ್ಲಿ ಕೂತು ಉಂಡಿರಲಿಲ್ಲ. ಎಷ್ಟು ಜನ ಅಮ್ಮಂದಿರ ಕೈ ದಾಟಿ ಬಂದಿತ್ತೋ, ಅದು ನನ್ನ ಕೈಗೆ ಬಂದು ಕಲಗಚ್ಚಾಯಿತು. ಅಜ್ಜಿ ತನ್ನ ಹೆಣ್ಣುಮಕ್ಕಳಿಗೆ ಕೊಟ್ಟು ಹೋದದ್ದರಲ್ಲಿ ನಾನು ಮುಟ್ಟಲಾಗದೆ ಉಳಿದದ್ದು ಒಂದೇ, ರತ್ನಿಯ ಮೈಯೊಳಗಿನದು. ಅವಳಿಗೆ ಹೆಣ್ಣುಮಕ್ಕಳಿಲ್ಲ. ಅವಳ ಗಂಡುಮಕ್ಕಳಲ್ಲಿಗೆ ಅದೂ ನಿಲ್ಲುತ್ತದೆ.

ರತ್ನಿಗೆ ಈಚೆಗೆ ಬಿ.ಪಿ. ಶುರುವಾಗಿದೆ. ಮಾತ್ರೆ ಮರೆಯುತ್ತಾಳೆ. ದಿನವೂ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮುಂಚೆ ಫೋನ್ ಮಾಡಿ, "ನುಂಗಿದ್ಯೇನೆ?" ಎಂದು ಕೇಳುತ್ತೇನೆ. "ನಮ್ಮ ಮನೆಯವ್ರೂ ಇಷ್ಟು ವಿಚಾರಿಸಲ್ಲ ಕಣೆ. ಏನು ಪ್ರೀತಿನಮ್ಮ ನಿಂದು!" ಎಂದು ನಗುತ್ತಾಳೆ. ಪ್ರೀತಿಯಲ್ಲ, ಹೊಟ್ಟೆಕಿಚ್ಚು ಎಂದು ಅವಳಿಗೆ ಹೇಗೆ ಹೇಳಲಿ? ನನಗೆ ಬಾರದ ಅಜ್ಜಿ ಅವಳೊಳಗೆ ಇನ್ನೂ ಉಸಿರಾಡುತ್ತಿದ್ದಾಳೆ. ಆ ಅಜ್ಜಿಯನ್ನು ಇನ್ನೊಂದು ಸಲ ಕಳೆದುಕೊಳ್ಳಲು ನಾನು ತಯಾರಿಲ್ಲ.